ರಾಕ್ ಬ್ಯಾಂಡ್ ಫಂಕ್‌ಗೆ ಹೊರಳಿದಾಗ ಕೆಡುವುದೆಲ್ಲಿ? ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ನಮ್ಮದು ಐದು ಜನರ ರಾಕ್ ಬ್ಯಾಂಡ್. ಏಳೆಂಟು ವರ್ಷ ಗಿಟಾರ್ ದನಿಯನ್ನು ಒರಟಾಗಿ ಒಡೆಯುವ ಡಿಸ್ಟಾರ್ಷನ್ನಿನ ಹೊಗೆಯಲ್ಲೇ ಬೆಳೆದವರು. ಮೊದಲ ಸಲ ಒಂದು ಹಾಡನ್ನು ಫಂಕ್ ಲಯಕ್ಕೆ, ಅಂದರೆ ನಡುವೆ ಜಾಗ ಬಿಟ್ಟು ಬಿಡಿಬಿಡಿಯಾಗಿ ನುಡಿಸುವ ಕುಣಿತದ ಲಯಕ್ಕೆ ಕೂರಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸ್ವರ ತಪ್ಪಿರಲಿಲ್ಲ, ತಾಳವೂ ತಪ್ಪಿರಲಿಲ್ಲ. ಆದರೂ ಗಮ್‌ಬೂಟು ಹಾಕಿಕೊಂಡು ಕುಣಿಯಲು ಹೊರಟವರ ಹಾಗಿತ್ತು. ಗಿಟಾರಿನವನು ಪಿಕಪ್ ಸರಿಯಿಲ್ಲ ಅಂದ. ಡ್ರಮ್ಮರ್ ಸಿಂಬಲ್ ದಪ್ಪ ಅಂದ. ಬೇಸ್ (ತಗ್ಗು ಸ್ವರದ ಗಿಟಾರ್) ನುಡಿಸುವ ನಾನು ಆಂಪ್, ಅಂದರೆ ದನಿ ಹಿಗ್ಗಿಸುವ ಪೆಟ್ಟಿಗೆಯ ಮೇಲೆ ತಪ್ಪು ಹಾಕಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು. ಸದ್ದಿನ ಬಣ್ಣ ಬದಲಿಸುವ ಎರಡು ಪೆಡಲ್ ಕೊಂಡದ್ದೂ ಆಯಿತು. ದೋಷ ಕೂತ ಜಾಗದಿಂದ ಏಳಲಿಲ್ಲ. ಕೊನೆಗೆ ಅದು ಸಿಕ್ಕಿದ್ದು ನನ್ನ ಎಡಗೈಯಲ್ಲಿ. ನಾನು ಮೀಟಿದ ಸ್ವರ ಸ್ನೇರ್ (‘ಟಕ್’ ಅನ್ನುವ ಚಿಕ್ಕ ಡ್ರಮ್) ಬಡಿತವನ್ನೂ ದಾಟಿ ಮುಂದಕ್ಕೆ ಹರಿಯುತ್ತಿತ್ತು. ನಾನು ಬಿಡುತ್ತಲೇ ಇರಲಿಲ್ಲ.

ಆಮೇಲೆ ಬೇರೆ ಬ್ಯಾಂಡಿನ ಗೆಳೆಯರ ಪ್ರಾಕ್ಟೀಸಿನಲ್ಲೂ ಕೂತು ಕೇಳಿದ್ದೇನೆ. ಹೆಚ್ಚಿನ ಸಲ ಕಥೆ ಇದೇ. ಸ್ವರ ಎಲ್ಲಿ ಶುರುವಾಗಬೇಕು ಅನ್ನುವುದು ರಾಕ್‌ನವರಿಗೆ ಚೆನ್ನಾಗಿ ಗೊತ್ತು. ಎಲ್ಲಿ ನಿಲ್ಲಬೇಕು ಅಂತ ಅವರನ್ನು ಯಾರೂ ಕೇಳಿರುವುದಿಲ್ಲ.

ಫಂಕ್‌ನ ನೆಂಟನಾದ ಡಿಸ್ಕೊ ಕಡೆ ಹೊರಳುವವರಿಗೂ ಇದೇ ಕಾಯಿಲೆ, ಅದಕ್ಕೇ ಇಲ್ಲಿ ಎರಡರ ಮಾತೂ ಇದೆ. ಹಾಗಾಗಿ ಹುಡುಕಾಟದ ಕ್ರಮ ಹೀಗಿರಲಿ: ಮೊದಲು ಕಿವಿ, ಆಮೇಲೆ ಕೈ, ಆಮೇಲೆ ಹಾಡಿನ ಕಟ್ಟಡ, ಅದಾದ ಮೇಲೆ ಸಾಮಾನು. ದುಡ್ಡು ಬಿಚ್ಚುವ ಮಾತು ಎಲ್ಲಕ್ಕಿಂತ ಕೊನೆಗೆ.

ಶುರು ಮಾಡುವ ಮುನ್ನ

ಮೊಬೈಲು ಕೋಣೆಯ ನಡುವೆ, ಯಾವ ಆಂಪಿಗೂ ಅಂಟಿಕೊಳ್ಳದ ಹಾಗೆ ಇಡಿ. ಕ್ಲಿಕ್ ಅಂತ ಲಯ ಎಣಿಸುವ ಮೆಟ್ರೊನೋಮ್ ಬೇಕು, ಅದೂ ಮೊಬೈಲಿನದೇ ಸಾಕು. ಆದರೆ ಬ್ಲೂಟೂತ್ ಇಯರ್‌ಫೋನಿನಲ್ಲಿ ಕ್ಲಿಕ್ ಕೇಳುತ್ತಾ ನುಡಿಸಬೇಡಿ. ಅದರಲ್ಲಿ ಶಬ್ದ ತಡವಾಗಿ ಬರುತ್ತದೆ, ಇಲ್ಲದ ದೋಷ ಹುಟ್ಟುತ್ತದೆ. ವೈರಿನದನ್ನೇ ಬಳಸಿ. ಇಡೀ ಹಾಡು ನುಡಿಸುವುದೂ ಬೇಡ. ಎಂಟು ಬಾರಿನ (ಬಾರ್ ಅಂದರೆ ನಾಲ್ಕು ಬೀಟಿನ ಒಂದು ಸುತ್ತು) ಒಂದು ತುಂಡು ಹಿಡಿದು, ಅದನ್ನೇ ತಿರುಗಿಸಿ ಮುರುಗಿಸಿ ನುಡಿಸಿ.

ಒಂದು ಎಚ್ಚರಿಕೆ ಈಗಲೇ ಹೇಳಿಬಿಡುತ್ತೇನೆ. ಪರೀಕ್ಷೆಯ ನಡುವೆ ಮೈಕ್, ಗಿಟಾರ್ ತಂತಿ, ಆಂಪ್ ಇವುಗಳಲ್ಲಿ ಯಾವುದು ಮುಟ್ಟಿದರೂ ಜುಂ ಅಂದರೆ ಅಲ್ಲಿಗೇ ನಿಲ್ಲಿಸಿ, ಕೆಳಗೆ ‘ಶಾಕ್’ ಭಾಗಕ್ಕೆ ಹೋಗಿ. ಸಂಗೀತದ ದೋಷ ನಾಳೆಗೂ ಇರುತ್ತದೆ.

ಲಕ್ಷಣ: ಕೇಳುವವರು ತಲೆ ಆಡಿಸುತ್ತಾರೆ, ಕಾಲು ಕದಲಿಸುವುದಿಲ್ಲ

ರೆಕಾರ್ಡಿಂಗನ್ನು ಸಣ್ಣ ದನಿಯಲ್ಲಿ ಹಾಕಿ, ಕೋಣೆಯಲ್ಲಿ ಅದರ ಲಯಕ್ಕೆ ನಡೆದು ನೋಡಿ. ಖರ್ಚಿಲ್ಲದ ಪರೀಕ್ಷೆ. ಹೆಜ್ಜೆ ತಾನಾಗಿ ಬಿದ್ದರೆ ಅಡಿಪಾಯ ಸರಿಯಿದೆ. ಪ್ರತಿ ಹೆಜ್ಜೆಯನ್ನೂ ಲೆಕ್ಕ ಹಾಕಿ ಇಡಬೇಕಾಗಿ ಬಂದರೆ ಮೊದಲು ವೇಗ ನೋಡಿ. ಡಿಸ್ಕೊ ಸಾಮಾನ್ಯವಾಗಿ ನಿಮಿಷಕ್ಕೆ 110ರಿಂದ 130 ಬೀಟಿನ ನಡುವೆ ಓಡುತ್ತದೆ. ಫಂಕ್ ಅದಕ್ಕಿಂತ ನಿಧಾನ, ಹಲವು ಹಾಡು 90ರಿಂದ 110ರೊಳಗೆ. 150ರಲ್ಲಿ ಓಡುತ್ತಿದ್ದ ರಾಕ್ ಹಾಡಿಗೆ ಹಾಗೇ ಡಿಸ್ಕೊ ಕಿಕ್ (ಕಾಲಿನಿಂದ ಬಡಿಯುವ ದೊಡ್ಡ ಡ್ರಮ್) ಹಚ್ಚಿದರೆ ಅದು ಕವಾಯತು ಆಗುತ್ತದೆ.

ವೇಗ ಅಳೆಯಲು ನನ್ನ ಉಪಾಯ ನಾಲಿಗೆ. ಒಂದು ಬೀಟಿಗೆ ಒಂದು ‘ತಕದಿಮಿ’ ಹೇಳುತ್ತಾ ಹೋಗಿ. ನಾಲಿಗೆ ತೊಡರಿದರೆ ವೇಗ ಜಾಸ್ತಿಯಾಗಿದೆ. ಹೇಳುತ್ತಾ ಹೇಳುತ್ತಾ ಆಕಳಿಕೆ ಬಂದರೆ ಕಡಿಮೆ. ಐದೈದು ಬೀಟಿನ ಹಾಗೆ ಇಳಿಸಿ, ಏರಿಸಿ ನೋಡಿ. ಈ ತಕದಿಮಿ ಮುಂದೆಯೂ ಕೆಲಸಕ್ಕೆ ಬರುತ್ತದೆ, ಯಾಕೆಂದರೆ ಫಂಕ್ ಇರುವುದೇ ಆ ನಾಲ್ಕು ಅಕ್ಷರಗಳಲ್ಲಿ. ರಾಕ್ ಬಹುಪಾಲು ‘ತ’ ಮತ್ತು ‘ದಿ’ ಮೇಲೆ ನಿಂತು ‘ಕ’, ‘ಮಿ’ಗಳನ್ನು ಖಾಲಿ ಬಿಡುತ್ತದೆ.

ವೇಗ ಸರಿಯಿದ್ದರೆ ಹೈ-ಹ್ಯಾಟ್, ಅಂದರೆ ಕಾಲಿನಿಂದ ತೆರೆದು ಮುಚ್ಚುವ ಜೋಡಿ ಸಿಂಬಲ್ ಕೇಳಿ. ಡಿಸ್ಕೊದಲ್ಲಿ ಕಿಕ್ ನಾಲ್ಕೂ ಬೀಟಿಗೆ ಒಂದೇ ತೂಕದಲ್ಲಿ ಬೀಳಬೇಕು. ಹೈ-ಹ್ಯಾಟ್ ‘ದಿ’ಗೆ ತೆರೆದು, ಮುಂದಿನ ‘ತ’ಕ್ಕೆ ಸರಿಯಾಗಿ ಮುಚ್ಚಬೇಕು. ಫಿಲಡೆಲ್ಫಿಯಾದ ಡ್ರಮ್ಮರ್ ಅರ್ಲ್ ಯಂಗ್ 1970ರ ದಶಕದ ಮೊದಲ ಭಾಗದಲ್ಲಿ ರೂಢಿಗೆ ತಂದ ಈ ಮಾದರಿಯೇ ಆಮೇಲೆ ಇಡೀ ಡಿಸ್ಕೊದ ಗುರುತಾಯಿತು. ರಾಕ್ ಡ್ರಮ್ಮರುಗಳು ಅದನ್ನು ಸರಿಯಾಗಿಯೇ ತೆರೆಯುತ್ತಾರೆ. ಮುಚ್ಚುವಾಗ ಕಾಲು ಸೋಮಾರಿ. ‘ತ್ಸಿಪ್’ ಅನ್ನಬೇಕಾದ್ದು ‘ತ್ಸ್ಸ್ಸ್’ ಅಂತ ಸೋರಿ ಕಿಕ್ಕಿನ ಮೇಲೆ ಬೀಳುತ್ತದೆ. ಡ್ರಮ್ಮರನ್ನು ಬರೀ ಕಿಕ್ ಮತ್ತು ಹೈ-ಹ್ಯಾಟಿನ ಮೇಲೆ ಎರಡು ನಿಮಿಷ ಬಿಟ್ಟು ಕೇಳಿದರೆ ಗೊತ್ತಾಗುತ್ತದೆ.

ಫಂಕ್ ಆದರೆ ಮೊದಲ ಬೀಟಿನ ತೂಕ ನೋಡಿ. ಫಂಕ್ ಗಾಯಕ ಜೇಮ್ಸ್ ಬ್ರೌನ್ ತನ್ನ ಬ್ಯಾಂಡಿಗೆ ಹೇಳಿಕೊಟ್ಟ ‘ದ ಒನ್’ ಅಂದರೆ ಇದೇ. ಬಾರಿನ ಮೊದಲ ಬೀಟಿನಲ್ಲಿ ಎಲ್ಲರೂ ಮನೆಗೆ ಬರಬೇಕು, ಉಳಿದ ಕಡೆ ಯಾರು ಎಲ್ಲಿ ಬೇಕಾದರೂ ಅಲೆಯಲಿ. ರಾಕ್‌ನಲ್ಲಿ ಎರಡು ಮತ್ತು ನಾಲ್ಕನೆಯ ಬೀಟಿನ ಸ್ನೇರಿಗೆ ತೂಕ ಕೊಟ್ಟು ಅಭ್ಯಾಸ. ಕೇಳುವವರ ತಲೆ ಆಡುವುದು ಆ ಸ್ನೇರಿಗೆ.

ಲಕ್ಷಣ: ಎಲ್ಲರೂ ಸರಿಯಾಗಿ ನುಡಿಸುತ್ತಿದ್ದಾರೆ, ಆದರೂ ಎಲ್ಲ ಕೆಸರು

ಇದು ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ, ನಮ್ಮದೂ ಇದೇ. ಇಲ್ಲಿ ಅವಸರ ಮಾಡಬೇಡಿ.

ಮೊದಲು ಗಿಟಾರ್ ಆಂಪಿನ ಗೇನ್ (ಡಿಸ್ಟಾರ್ಷನ್ ಹುಟ್ಟಿಸುವ ನಾಬ್) ಪೂರ್ತಿ ಇಳಿಸಿ. ಸ್ವಲ್ಪ ಇಳಿಸಿ ನೋಡೋಣ ಅನ್ನಬೇಡಿ, ಪೂರ್ತಿ. ಡಿಸ್ಟಾರ್ಷನ್ ಸ್ವರದ ಬಾಲವನ್ನು ಉದ್ದ ಮಾಡುತ್ತದೆ, ಸಣ್ಣ ದನಿಯನ್ನೂ ದೊಡ್ಡ ದನಿಯನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ರಾಕ್‌ನಲ್ಲಿ ಅದು ಗುಣ. ಇಲ್ಲಿ ಖಾಲಿ ಬಿಟ್ಟ ಜಾಗವನ್ನೆಲ್ಲ ಅದು ತುಂಬಿಬಿಡುತ್ತದೆ. ಇಳಿಸಿದ ಕೂಡಲೇ ಹಾಡು ಅರ್ಧ ತಿಳಿಯಾದರೆ ದೋಷದ ಒಂದು ಪಾಲು ಸಿಕ್ಕಿತು ಅಂತ ಅರ್ಥ.

ಇನ್ನೂ ಕೆಸರಿದ್ದರೆ ಬೇಸ್ ಮತ್ತು ಕಿಕ್ ಬಿಟ್ಟು ಎಲ್ಲರೂ ಕೈ ಕಟ್ಟಿ ಕೂರಿ. ಸ್ನೇರ್ ಬೀಳುವ ಜಾಗದಲ್ಲಿ ಡ್ರಮ್ಮರ್ ಬಡಿಯದೆ ಬರೀ ಬಾಯಲ್ಲಿ ‘ಟಕ್’ ಅನ್ನಲಿ. ಆ ‘ಟಕ್’ ಹೊತ್ತಿಗೆ ಬೇಸ್ ಇನ್ನೂ ಗುಂಯ್‌ಗುಡುತ್ತಿದೆಯೋ, ನಿಂತಿದೆಯೋ? ನಾನು ಸಿಕ್ಕಿಬಿದ್ದದ್ದು ಇಲ್ಲೇ. ಮೀಟುವುದು ಬಲಗೈ ಕೆಲಸ, ನಿಲ್ಲಿಸುವುದು ಎಡಗೈ ಕೆಲಸ. ತಂತಿಯನ್ನು ಫ್ರೆಟ್ಟಿಗೆ (ಗಿಟಾರ್ ಕತ್ತಿನ ಮೇಲಿನ ಅಡ್ಡಪಟ್ಟಿಗೆ) ಒತ್ತಿದ ಬೆರಳನ್ನು ತಂತಿಯಿಂದ ಪೂರ್ತಿ ಎತ್ತದೆ, ಬರೀ ಒತ್ತು ಬಿಟ್ಟರೆ ಸಾಕು, ಸ್ವರ ತಟ್ಟನೆ ಸಾಯುತ್ತದೆ. ಪೂರ್ತಿ ಎತ್ತಿದರೆ ತೆರೆದ ತಂತಿ ಕೂಗಿಕೊಳ್ಳುತ್ತದೆ. ಈ ಒತ್ತು ಬಿಡುವ ಕೆಲಸ ನನಗೆ ಕೈ ಹತ್ತಲು ಮೂರು ವಾರ ಹಿಡಿಯಿತು, ಅದೂ ಬೇಸ್ ಹಿಡಿದು ಹತ್ತು ವರ್ಷವಾದ ಮೇಲೆ.

ಕೈ ಹತ್ತುವವರೆಗೆ ತಾತ್ಕಾಲಿಕ ಮದ್ದೂ ಇದೆ. ಬೇಸ್ ಬ್ರಿಜ್ಜಿನ (ತಂತಿಗಳ ಬುಡ ಕೂರುವ ಭಾಗ) ಹತ್ತಿರ, ತಂತಿಗಳ ಕೆಳಗೆ ಸಣ್ಣ ಸ್ಪಂಜಿನ ತುಂಡು ಸಿಕ್ಕಿಸಿ. ಸ್ವರ ‘ದುಂ’ ಅಂದು ತಾನೇ ಮುಗಿಯುತ್ತದೆ. ಮೋಸ ಅಂದುಕೊಳ್ಳಬೇಡಿ, ಹಳೆಯ ಕಾಲದ ಎಷ್ಟೋ ಬೇಸ್ ಗಿಟಾರುಗಳಲ್ಲಿ ಬ್ರಿಜ್ಜಿನ ಮುಚ್ಚಳದೊಳಗೆ ಅಂಥ ತುಂಡು ಇಟ್ಟೇ ಬರುತ್ತಿತ್ತು.

ಮೂರನೆಯದು ಗಿಟಾರಿನ ಕಾರ್ಡು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ರಾಕ್‌ನವರ ನೆಚ್ಚಿನ ಪವರ್ ಕಾರ್ಡು ದಪ್ಪ ತಂತಿಗಳ ಮೇಲಿದೆ. ದಪ್ಪ ತಂತಿ ತೆರೆದು ಮೀಟಿದರೆ 82 ಹರ್ಟ್ಜ್, ಅಂದರೆ ನೇರ ಬೇಸಿನ ಅಂಗಳ. ಒಂದೇ ಬಾಗಿಲಲ್ಲಿ ಇಬ್ಬರು ನುಗ್ಗಿದ ಹಾಗೆ. ತೆಳು ತಂತಿ ಮೂರನ್ನು ಮಾತ್ರ, 7ನೇ ಫ್ರೆಟ್ಟಿನಲ್ಲಿ ಒಂದೇ ಬೆರಳು ಅಡ್ಡ ಇಟ್ಟು ನುಡಿಸಿ ನೋಡಿ. ಸಿಗುವುದು ಡಿ, ಎಫ್ ಶಾರ್ಪ್, ಬಿ. ಒಂಟಿಯಾಗಿ ಕೇಳಿದರೆ ಅದು ಬಿ ಮೈನರ್. ಕೆಳಗೆ ಬೇಸ್ ಇ ಹಿಡಿದ ತಕ್ಷಣ ಅದೇ ಮೂರು ಸ್ವರ ಇ ನೈನ್ತ್‌ನ ಬಣ್ಣಕ್ಕೆ ತಿರುಗುತ್ತವೆ. ಗಿಟಾರ್ ಇ ಸ್ವರವನ್ನು ಮುಟ್ಟಿಯೇ ಇಲ್ಲ, ಆದರೂ ಕಿವಿಗೆ ಇ ಕೇಳುತ್ತದೆ. ನಮ್ಮ ಗಿಟಾರಿನವನು ಇದನ್ನು ಮೊದಲ ಸಲ ಮಾಡಿದಾಗ “ಅರ್ಧ ಕೆಲಸ ಅವನೇ ಮಾಡ್ತಾ ಇದಾನಲ್ಲೋ” ಅಂತ ನನ್ನ ಕಡೆ ತೋರಿಸಿ ನಕ್ಕ.

ಇಷ್ಟೆಲ್ಲ ಆದ ಮೇಲೂ ಕೆಸರು ಉಳಿದರೆ ಮಾತ್ರ ಮಿಕ್ಸರಿಗೆ ಕೈ ಹಾಕಿ. ಗಿಟಾರ್ ಮತ್ತು ಕೀಬೋರ್ಡಿನ ಕೆಳಗಿನ ಭಾಗವನ್ನು 120-150 ಹರ್ಟ್ಜ್‌ವರೆಗೆ ಕತ್ತರಿಸಿ. ಆಮೇಲೆ 250ರಿಂದ 400ರ ನಡುವೆ ಸ್ವಲ್ಪ ತಗ್ಗಿಸಿ. ಕೀಬೋರ್ಡಿನವರ ಎಡಗೈ ಬೇಸಿನ ಸ್ವರಗಳನ್ನೇ ನುಡಿಸುತ್ತಿದ್ದರೆ ಯಾವ ನಾಬ್ ತಿರುಗಿಸಿಯೂ ಪ್ರಯೋಜನವಿಲ್ಲ. ಆ ಕೈ ತೊಡೆಯ ಮೇಲಿರಲಿ.

ಲಕ್ಷಣ: ಕ್ಲೀನ್ ಮಾಡಿದ ಮೇಲೆ ಗಿಟಾರ್ ಬಡಕಲಾಗಿದೆ

ಒಂಟಿಯಾಗಿ ಕೇಳಿದರೆ ಬಡಕಲೇ. ಅದು ದೋಷವಲ್ಲ. ಬ್ಯಾಂಡಿನೊಳಗೆ ಕೇಳಿ ತೀರ್ಮಾನಿಸಿ.

ಅಲ್ಲೂ ಮುಳುಗಿದರೆ ಬಲಗೈ ನೋಡಿ. ಅದು ತಕದಿಮಿಯ ನಾಲ್ಕೂ ಅಕ್ಷರಕ್ಕೆ ಕೆಳಗೆ ಮೇಲೆ, ಕೆಳಗೆ ಮೇಲೆ ಓಡುತ್ತಲೇ ಇರಬೇಕು. ಯಾವ ಅಕ್ಷರಕ್ಕೆ ಸ್ವರ, ಯಾವುದಕ್ಕೆ ಬರೀ ‘ಚಿಕ್’ ಅನ್ನುವುದನ್ನು ಎಡಗೈ ನಿರ್ಧರಿಸುತ್ತದೆ. ಡಿಸ್ಕೊ ಬ್ಯಾಂಡ್ ಷಿಕ್‌ನ ಗಿಟಾರ್ ವಾದಕ ನೈಲ್ ರಾಜರ್ಸ್ ಕೈ ನೋಡಿದರೆ ಇದು ಅರ್ಥವಾಗುತ್ತದೆ, ಅವರ ಮಣಿಕಟ್ಟು ನಿಲ್ಲುವುದೇ ಇಲ್ಲ. ರಾಕ್ ಕೈ ಸ್ವರ ಬೇಕಾದಾಗ ಮಾತ್ರ ಕೆಳಗೆ ಬರುತ್ತದೆ, ಉಳಿದ ಹೊತ್ತು ಗಾಳಿಯಲ್ಲಿ ನಿಂತಿರುತ್ತದೆ. ಅದಕ್ಕೇ ಎಡವುತ್ತದೆ.

ಕೈ ಸರಿಯಾದ ಮೇಲೂ ಒಂದು ಬಡಿತ ಜೋರು, ಇನ್ನೊಂದು ಸಣ್ಣ ಆಗುತ್ತಿದ್ದರೆ ಜೋರು-ಸಣ್ಣ ದನಿಗಳನ್ನು ಹತ್ತಿರ ತರುವ ಕಂಪ್ರೆಸರ್ ಸಹಾಯಕ್ಕೆ ಬರುತ್ತದೆ. ಎರವಲು ತಂದು ನೋಡಿ, ಆಮೇಲೆ ಕೊಳ್ಳಿ. ಗಿಟಾರಿನಲ್ಲಿ ಹಂಬಕರ್ (ಎರಡು ಸುರುಳಿಯ ಪಿಕಪ್) ಇದ್ದರೆ, ಅದನ್ನು ಒಂದೇ ಸುರುಳಿಗೆ ಇಳಿಸುವ ಕಾಯಿಲ್ ಸ್ಪ್ಲಿಟ್ ಸ್ವಿಚ್ ಇದೆಯಾ ನೋಡಿ. ಸಿಂಗಲ್ ಕಾಯಿಲ್‌ಗೆ ಬಂದ ಕೂಡಲೇ ಗುಂಯ್ ಸದ್ದು ಶುರುವಾದರೆ ಗಾಬರಿ ಬೇಡ, ಅದರ ಸ್ವಭಾವವೇ ಹಾಗೆ. ನಿಂತಲ್ಲೇ ನಿಧಾನ ತಿರುಗಿ, ಒಂದು ದಿಕ್ಕಿನಲ್ಲಿ ಸದ್ದು ಕಡಿಮೆಯಾಗುತ್ತದೆ. ಡಿಮ್ಮರ್ ಹಾಕಿದ ದೀಪಗಳಿದ್ದರೆ ಆರಿಸಿ. ತಂತಿ ಮುಟ್ಟಿದಾಗ ಸದ್ದು ನಿಂತು, ಬಿಟ್ಟಾಗ ಜೋರಾದರೆ ಸಾಮಾನ್ಯವಾಗಿ ಅಪಾಯವಿಲ್ಲ. ಮುಟ್ಟಿದಾಗ ಜೋರಾದರೆ ಅರ್ಥಿಂಗ್ ಕೆಟ್ಟಿರಬಹುದು, ರಿಪೇರಿಯವರಿಗೆ ಕೊಡಿ.

ಲಕ್ಷಣ: ಪ್ರತಿ ಫಿಲ್ (ಸಾಲುಗಳ ನಡುವೆ ಡ್ರಮ್ಮರ್ ತುಂಬುವ ಬಡಿತ) ಆದ ಮೇಲೆ ಹಾಡು ಓಡುತ್ತದೆ

ಮೆಟ್ರೊನೋಮನ್ನು ಬಾರಿಗೆ ಒಂದೇ ಸಲ, ಮೊದಲ ಬೀಟಿಗೆ ಮಾತ್ರ ಹೊಡೆಯುವಂತೆ ಇಡಿ. ಪ್ರತಿ ಬೀಟಿಗೂ ಕ್ಲಿಕ್ ಇದ್ದರೆ ಅದು ಊರುಗೋಲು, ಬಾರಿಗೆ ಒಂದಾದರೆ ಪರೀಕ್ಷಕ. ಕ್ಲಿಕ್ಕಿಗಿಂತ ಮುಂಚೆ ತಲುಪುವುದು ಫಿಲ್ ಇದ್ದ ಬಾರುಗಳಲ್ಲಿ ಮಾತ್ರವಾದರೆ ಮದ್ದು ಸುಲಭ: ಒಂದು ತಿಂಗಳು ಫಿಲ್ ನಿಷೇಧ. ಡ್ರಮ್ಮರ್ ಮುನಿಸಿಕೊಳ್ಳುತ್ತಾನೆ, ಮುನಿಸಿಕೊಳ್ಳಲಿ.

ಫಿಲ್ ಇಲ್ಲದೆಯೂ ಓಡಿದರೆ ಡ್ರಮ್ಮರನ್ನು ಬಿಟ್ಟು ಗಿಟಾರ್ ಕಡೆ ನೋಡಿ. ‘ಮಿ’ ಮೇಲೆ ಬರುವ ಸ್ವರವನ್ನು ಮುಂಚೆಯೇ ನುಡಿಸುವ ಚಟ ರಾಕ್ ಗಿಟಾರಿಗೆ ಇರುತ್ತದೆ, ಡ್ರಮ್ಮರ್ ಪಾಪ ಅದರ ಹಿಂದೆ ಓಡುತ್ತಾನೆ.

ಡ್ರಮ್ಮಿನ ನಾದವೂ ಇದಕ್ಕೆ ಸೇರಿದ್ದೇ. ರಾಕ್ ಡ್ರಮ್ ಗುಡುಗುವ ಹಾಗೆ ಶ್ರುತಿ ಮಾಡಿರುತ್ತೇವೆ. ಗುಡುಗು ಉದ್ದ, ಅದರೊಳಗೆ ತಪ್ಪು ಅಡಗುತ್ತದೆ. ಕಿಕ್ಕಿನೊಳಗೆ ಕಂಬಳಿ ತುರುಕಿ, ಸ್ನೇರಿನ ಮೇಲೆ ಅಂಚಿನಲ್ಲಿ ಬಟ್ಟೆ ತುಂಡು ಅಂಟಿಸಿ. ಕ್ವೀನ್ ಬ್ಯಾಂಡಿಗಾಗಿ ಬೇಸ್ ವಾದಕ ಜಾನ್ ಡೀಕನ್ ಬರೆದ, 1980ರ ‘ಅನದರ್ ಒನ್ ಬೈಟ್ಸ್ ದ ಡಸ್ಟ್’ ಕೇಳಿ. ಡ್ರಮ್ ಒಣಗಿದ ಕಟ್ಟಿಗೆಯ ಹಾಗಿದೆ. ಬೇಸ್ ಒಂದೇ ಸ್ವರವನ್ನು ಮೂರು ಸಲ ಕುಟ್ಟಿ ಬಾಯಿ ಮುಚ್ಚಿಕೊಳ್ಳುತ್ತದೆ. ಅಬ್ಬರಕ್ಕೆ ಹೆಸರಾದ ಬ್ಯಾಂಡು ಅಲ್ಲಿ ಎಷ್ಟನ್ನು ನುಡಿಸದೆ ಬಿಟ್ಟಿದೆ ಅಂತ ಎಣಿಸುವುದು ಒಳ್ಳೆಯ ಪಾಠ.

ಲಕ್ಷಣ: ಬೇಸಿನವನು ಸ್ಲ್ಯಾಪ್ ಶುರು ಮಾಡಿದ, ಹಾಡು ಹಗುರಾಗುವ ಬದಲು ಗಿಜಿಗಿಜಿ ಆಯಿತು

ನನ್ನ ಜಾತಿಯವರ ಕಾಯಿಲೆ ಇದು. ಹೆಬ್ಬೆರಳಿನಲ್ಲಿ ಕುಟ್ಟಿ ನುಡಿಸುವ ಈ ಪಟ್ಟು ಬೆಳೆಸಿದ ಬೇಸ್ ವಾದಕ ಲ್ಯಾರಿ ಗ್ರಹಾಂ ಅದಕ್ಕೆ ಇಳಿದದ್ದೇ ತಾಯಿಯ ಜೊತೆ ಡ್ರಮ್ಮರ್ ಇಲ್ಲದೆ ನುಡಿಸಬೇಕಾದಾಗ. ಹೆಬ್ಬೆರಳು ಕಿಕ್ಕಿನ ಬದಲಿಗೆ, ಎಳೆದು ಬಿಡುವ ಬೆರಳು ಸ್ನೇರಿನ ಬದಲಿಗೆ. ನಿಮ್ಮಲ್ಲಿ ಡ್ರಮ್ಮರ್ ಇದ್ದಾನೆ. ಇಬ್ಬರೂ ಅದೇ ಕೆಲಸ ಮಾಡಿದರೆ ಗಿಜಿಗಿಜಿ ಆಗದೆ ಇನ್ನೇನು? ಸ್ಲ್ಯಾಪನ್ನು ಎಂಟು ಬಾರಿನಲ್ಲಿ ಒಂದಕ್ಕೆ ಇಳಿಸಿ, ಉಳಿದದ್ದು ಬೆರಳಲ್ಲಿ.

ಲಕ್ಷಣ: ಎಲ್ಲ ಸರಿ, ಆದರೆ ಅಣಕದ ಹಾಗಿದೆ

ವಾ ಪೆಡಲ್, ಕೀರಲು ದನಿಯ ಹಾಡುಗಾರಿಕೆ, ಬೇಸಿನಲ್ಲಿ ಮೇಲೆ ಕೆಳಗೆ ಹಾರುವ ಆಕ್ಟೇವ್, ತಂತಿವಾದ್ಯದ ಸಿಂಥ್, ನಡುವೆ ಚಪ್ಪಾಳೆ. ಎಲ್ಲವನ್ನೂ ಒಂದೇ ಹಾಡಿಗೆ ಸುರಿದಿದ್ದೀರಿ. ಒಂದೊಂದನ್ನೇ ತೆಗೆಯುತ್ತಾ ಹೋಗಿ, ತೆಗೆದಾಗ ಯಾರಿಗೂ ಗೊತ್ತಾಗದಿದ್ದರೆ ಅದು ಬೇಡವಾಗಿತ್ತು.

ಈ ದಾರಿಯಲ್ಲಿ ದಾಟಿ ಹೋದ ರಾಕ್ ಬ್ಯಾಂಡುಗಳು ಲಯವನ್ನು ಮಾತ್ರ ಬದಲಿಸಿ ತಮ್ಮ ದನಿಯನ್ನು ಹಾಗೇ ಇಟ್ಟುಕೊಂಡವು. ರೋಲಿಂಗ್ ಸ್ಟೋನ್ಸ್ 1978ರ ‘ಮಿಸ್ ಯೂ’ಗೆ ನಾಲ್ಕೂ ಬೀಟಿನ ಕಿಕ್ ಹಾಕಿದಾಗ ಹಾರ್ಮೋನಿಕಾದ ಬ್ಲೂಸ್ ಅಲ್ಲೇ ಇತ್ತು, ಗಾಯಕ ಮಿಕ್ ಜಾಗರ್ ಜಾಗರ್ ಆಗಿಯೇ ಹಾಡಿದ. ಪಿಂಕ್ ಫ್ಲಾಯ್ಡ್ 1979ರಲ್ಲಿ ಮಾಡಿದ್ದೂ ಅದನ್ನೇ. ‘ದ ವಾಲ್’ ಆಲ್ಬಮಿನ ಶಾಲಾಮಕ್ಕಳ ಹಾಡಿಗೆ ಡಿಸ್ಕೊ ಬೀಟ್ ಬರಲು ಕಾರಣ ನಿರ್ಮಾಪಕ ಬಾಬ್ ಎಜ್ರಿನ್. ಆದರೆ ಅದರ ಮೇಲೆ ಬ್ಯಾಂಡಿನ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಸೋಲೊ ಎಳೆ ಎಳೆಯಾಗಿ ಬ್ಲೂಸಿನದೇ. ನಿಮ್ಮ ಹಾಡುಗಾರ ಒರಟು ಗಂಟಲಿನವನಾದರೆ ಒರಟಾಗಿಯೇ ಹಾಡಲಿ, ಆದರೆ ಸಾಲಿನ ಕೊನೆಯ ಅಕ್ಷರವನ್ನು ಎಳೆಯದೆ ಕಡಿಯಲಿ.

ಲಕ್ಷಣ: ಪ್ರಾಕ್ಟೀಸಿನಲ್ಲಿ ಗಟ್ಟಿ, ಸ್ಟೇಜಿನಲ್ಲಿ ಸಡಿಲ

ಟೇಪು ಹಿಡಿದು ಅಳೆಯಿರಿ. ಶಬ್ದ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ತಗಲುತ್ತದೆ. 120ರ ವೇಗದಲ್ಲಿ ತಕದಿಮಿಯ ಒಂದೊಂದು ಅಕ್ಷರ 125 ಮಿಲಿಸೆಕೆಂಡ್. ಬೇಸಿನವನು ಡ್ರಮ್ಮಿನಿಂದ ಏಳು ಮೀಟರ್ ದೂರ ನಿಂತರೆ ಅವನಿಗೆ ಕಿಕ್ 20 ಮಿಲಿಸೆಕೆಂಡ್ ತಡವಾಗಿ ಕೇಳುತ್ತದೆ, ಅಂದರೆ ಅಕ್ಷರದ ಆರನೇ ಒಂದು ಭಾಗ. ಉದ್ದುದ್ದ ಸ್ವರಗಳ ರಾಕ್‌ನಲ್ಲಿ ಇದು ಮುಚ್ಚಿಹೋಗುತ್ತದೆ, ಫಂಕ್‌ನಲ್ಲಿ ಬೆತ್ತಲಾಗುತ್ತದೆ. ಸ್ಟೇಜ್ ಎಷ್ಟೇ ದೊಡ್ಡದಿರಲಿ, ಬೇಸ್ ಹೈ-ಹ್ಯಾಟಿನ ಪಕ್ಕಕ್ಕೇ ನಿಲ್ಲಲಿ. ಆಗದಿದ್ದರೆ ಮಾನಿಟರಿನಲ್ಲಿ (ನುಡಿಸುವವರ ಕಡೆ ತಿರುಗಿಸಿದ ಸ್ಪೀಕರ್) ಕಿಕ್ ಮತ್ತು ಹೈ-ಹ್ಯಾಟ್ ಕೇಳಿ ಪಡೆಯಿರಿ, ನಿಮ್ಮ ದನಿಯನ್ನಲ್ಲ.

ಇಲ್ಲಿ ನಿಲ್ಲಿಸಿ

ಶಾಕ್: ಗಿಟಾರ್ ಹಿಡಿದು ಮೈಕಿಗೆ ತುಟಿ ತಾಗಿಸಿದಾಗ ಜುಂ ಅಂದರೆ ಯಾವುದೋ ಒಂದು ಕಡೆ ಅರ್ಥಿಂಗ್ ಇಲ್ಲ. ಮೈಕಿಗೆ ಸ್ಪಂಜು ಹಾಕಿ ಮುಂದುವರಿಸುವ ಬ್ಯಾಂಡುಗಳನ್ನು ನೋಡಿದ್ದೇನೆ, ಅದು ಜೀವದ ಜೊತೆ ಆಟ. ಏನನ್ನೂ ಮುಟ್ಟದೆ ಮೇನ್ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್ ನೋಡುವವರೆಗೆ ನುಡಿಸಬೇಡಿ. ಗುಂಯ್ ಸದ್ದು ಹೋಗಲಿ ಅಂತ ಪ್ಲಗ್ಗಿನ ಅರ್ಥ್ ಪಿನ್ ಕೀಳುವುದಂತೂ ಬೇಡವೇ ಬೇಡ. ಟ್ಯೂಬ್ ಆಂಪಿನ ಹಿಂಬದಿ ಬಿಚ್ಚಬೇಡಿ, ವೈರು ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ನೂರಾರು ವೋಲ್ಟ್ ಕೂತಿರುತ್ತದೆ.

ಕೈ: ಬಾರಿಗೆ ಹದಿನಾರು ಅಕ್ಷರದ ಲಯದಲ್ಲಿ ಬಲಗೈ ಎಡೆಬಿಡದೆ ಓಡುವುದು ರಾಕ್ ಕೈಗೆ ಹೊಸ ಕೂಲಿ. ದಣಿವು ಸಹಜ. ಜೋಮು, ಬೆರಳ ತುದಿಯಲ್ಲಿ ಚುಮುಚುಮು, ರಾತ್ರಿ ನಿದ್ದೆಯಲ್ಲಿ ಎಚ್ಚರಿಸುವ ಮಣಿಕಟ್ಟಿನ ನೋವು ಸಹಜವಲ್ಲ. ಅಂದೇ ನಿಲ್ಲಿಸಿ. ಕೆಲವು ದಿನದ ವಿಶ್ರಾಂತಿಯಲ್ಲಿ ಇಳಿಯದಿದ್ದರೆ ವೈದ್ಯರ ಹತ್ತಿರ ಹೋಗಿ.

ಕಿವಿ: 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಮಿತಿ ಅಂತ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಹೇಳುತ್ತದೆ. ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಹೊತ್ತು ಅರ್ಧವಾಗುತ್ತದೆ, 100ಕ್ಕೆ ಬಂದರೆ ಬರೀ 15 ನಿಮಿಷ. ಗೇನ್ ಇಳಿಸಿದ್ದೇವಲ್ಲ ಅಂತ ಮೈಮರೆಯಬೇಡಿ. ತೆರೆದ ಹೈ-ಹ್ಯಾಟ್ ಒಂದೇ ಸಾಕು ಕಿವಿ ಕೊಲ್ಲಲು. ಇಯರ್‌ಪ್ಲಗ್ ಇರಲಿ. ಮರುದಿನವೂ ಕಿವಿಯಲ್ಲಿ ಕುಂಯ್ ಅನ್ನುತ್ತಿದ್ದರೆ ಕಿವಿ ವೈದ್ಯರಿಗೆ ತೋರಿಸಿ.

ಲಕ್ಷಣ: ಎಲ್ಲ ಸರಿಹೋಯಿತು, ಒಬ್ಬನಿಗೆ ಮಾತ್ರ ಬೇಡ

ಇದಕ್ಕೆ ನಾಬ್ ಇಲ್ಲ. ಗುಂಡಿಗೆ ನಡುಗುವ ಹಾಗೆ ನುಡಿಸುತ್ತಿದ್ದವನಿಗೆ ಮೂರು ತಂತಿ ಕೊಟ್ಟು ‘ಚಿಕ್ ಚಿಕ್’ ಅನ್ನು ಅಂದರೆ ಮನಸ್ಸು ಮುರಿಯುತ್ತದೆ. ಅಭಿಮಾನಿಗಳೂ ಬೈದಾರು. 1979ರ ಜುಲೈ 12ರಂದು ಶಿಕಾಗೊದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಸಿದ್ದು ರಾಕ್ ಪಕ್ಷದವರೇ. ಕ್ವೀನ್‌ನ ಆ 1980ರ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಏರಿತು. ಅದೇ ದಾರಿಯಲ್ಲಿ ಇನ್ನೂ ಮುಂದೆ ಹೋದ 1982ರ ಆಲ್ಬಮನ್ನು ಅದೇ ಬ್ಯಾಂಡಿನ ಎಷ್ಟೋ ಅಭಿಮಾನಿಗಳು ಒಪ್ಪಲಿಲ್ಲ. ನಾವು ಮಾಡಿಕೊಂಡ ಒಪ್ಪಂದ ಹೀಗೆ: ಅರ್ಧ ಹಾಡುಗಳು ಹೊಸ ಲಯಕ್ಕೆ, ಅರ್ಧ ಹಳೆಯವು, ಮತ್ತು ಫಂಕ್ ಹಾಡಿನ ಕೊನೆಯ ಹದಿನಾರು ಬಾರಿನಲ್ಲಿ ಅವನು ಡಿಸ್ಟಾರ್ಷನ್ ಪೆಡಲ್ ತುಳಿಯಬಹುದು.

ಹೊರಗಿನ ಸಹಾಯ ಯಾವಾಗ

ಆರೇಳು ವಾರ ಮೇಲಿನದ್ದೆಲ್ಲ ಮಾಡಿಯೂ ರೆಕಾರ್ಡಿಂಗ್ ಬದಲಾಗದಿದ್ದರೆ, ಅಥವಾ ದೋಷ ಯಾರದು ಅನ್ನುವುದೇ ಜಗಳವಾಗಿದ್ದರೆ, ಹೊರಗಿನ ಕಿವಿ ಬೇಕು. ರಾಕ್ ಗಾಯಕ ಡೇವಿಡ್ ಬೋವಿಯಂಥವನೇ 1983ರ ಆಲ್ಬಮ್ಮಿಗೆ ನೈಲ್ ರಾಜರ್ಸ್‌ನನ್ನು ಜೊತೆಗೆ ಕರೆದುಕೊಂಡ. ಈ ಲಯದಲ್ಲಿ ನುಡಿಸಿ ಪಳಗಿದ ಡ್ರಮ್ಮರ್ ಒಬ್ಬರು ಸಿಕ್ಕರೆ ಒಂದು ಸಂಜೆ ಸಾಕಾಗಬಹುದು. ಹೋಗುವಾಗ ಇಡೀ ಹಾಡು ಹೊತ್ತು ಹೋಗಬೇಡಿ. ಆ ಎಂಟು ಬಾರಿನ ಮೂರು ರೆಕಾರ್ಡಿಂಗ್ ಒಯ್ಯಿರಿ: ಬರೀ ಬೇಸ್ ಮತ್ತು ಕಿಕ್ ಒಂದು, ಅದಕ್ಕೆ ಗಿಟಾರ್ ಸೇರಿಸಿ ಒಂದು, ಎಲ್ಲರೂ ಸೇರಿ ಒಂದು. ನಾವು ಹೋದಾಗ ಅವರು ಮೊದಲನೆಯದನ್ನು ನಾಲ್ಕು ಬಾರ್ ಕೇಳಿ ನಿಲ್ಲಿಸಿ, “ಬೇಸ್ ಯಾರು?” ಅಂದರು. ನಾನು ಕೈ ಎತ್ತಿದೆ.